ಕೊನೆಯ ಫ್ಲಾಪಿ ಮೊದಲು

ನಾಲ್ಕು ಫ್ಲಾಪಿಗಳಿಗೆ ಹಂಚಿದ ಜಿಪ್ ಫೈಲನ್ನು ಬಿಚ್ಚಲು ಹೊರಟರೆ ಕಂಪ್ಯೂಟರ್ ಮೊದಲು ಕೇಳುತ್ತಿದ್ದದ್ದು ನಾಲ್ಕನೆಯದನ್ನು. ಅದನ್ನು ಓದಿಕೊಂಡ ಮೇಲೆಯೇ ಒಂದನೆಯದರ ಸರದಿ. ಹೊಸಬರಿಗೆ ಯಂತ್ರಕ್ಕೆ ತಲೆ ಕೆಟ್ಟಿದೆ ಅನ್ನಿಸುತ್ತಿತ್ತು. ಆದರೆ ಒಳಗೆ ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯನ್ನು ಜಿಪ್ ಇಟ್ಟುಕೊಳ್ಳುವುದೇ ತನ್ನ ಬಾಲದಲ್ಲಿ.

1989ರಲ್ಲಿ ಜಿಪ್ ರೂಪಿಸಿದ ಅಮೆರಿಕದ ಫಿಲ್ ಕಾಟ್ಜ್ ಹೀಗೆ ಮಾಡಿದ್ದಕ್ಕೆ ಕಾರಣವಿದೆ. ಒಂದು ಫೈಲು ಕುಗ್ಗಿ ಎಷ್ಟಾಯಿತು ಎಂಬುದು ಕುಗ್ಗಿಸಿದ ಮೇಲೆಯೇ ತಿಳಿಯುವುದು. ಹೊಸ ಫೈಲೊಂದನ್ನು ಸೇರಿಸಬೇಕಾದರೂ ಹಳೆಯದನ್ನೆಲ್ಲ ಮತ್ತೆ ಬರೆಯಬೇಕಿಲ್ಲ, ಪಟ್ಟಿಯಿದ್ದ ಜಾಗದಲ್ಲಿ ಅದನ್ನಿಟ್ಟು ಪಟ್ಟಿಯನ್ನು ಮುಂದಕ್ಕೆ ಬರೆದರಾಯಿತು. ಜಾಣ ಏರ್ಪಾಡೇ. ಫೋನ್ ತಂತಿಯಲ್ಲಿ ಫೈಲು ಇಳಿಸಿಕೊಳ್ಳುವವರಿಗೆ ಮಾತ್ರ ಅದು ಶಾಪ.

ಕನ್ನಡದ ‘ಬರಹ’ ತಂತ್ರಾಂಶ ಬಂದದ್ದು 1998ರಲ್ಲಿ. ರೂಪಿಸಿದ ಶೇಷಾದ್ರಿವಾಸು ಅದನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಕೊಟ್ಟರು. ಭಟ್ಕಳ ತಾಲ್ಲೂಕಿನ ಕಾಯ್ಕಿಣಿಯಂಥ ಊರಿನಲ್ಲಿ ಕೂತು ಇಂಥದ್ದನ್ನು ತರಿಸಿಕೊಳ್ಳಬೇಕಾದರೆ ಲೆಕ್ಕ ಹೀಗೆ: ಒಂದು ಫ್ಲಾಪಿಯಲ್ಲಿ ಹಿಡಿಸುವ 14,74,560 ಬೈಟ್‌ಗಳನ್ನು ತರಲು, ಸೆಕೆಂಡಿಗೆ 28,800 ಬಿಟ್ ಸಾಗಿಸುವ ಮೋಡೆಮ್ಮಿಗೆ, ಏನೂ ಅಡ್ಡಿಯಾಗದಿದ್ದರೂ ಸುಮಾರು ಏಳು ನಿಮಿಷ. ಆಷಾಢದ ಮಳೆಗೆ ಆರನೆಯ ನಿಮಿಷದಲ್ಲಿ ಲೈನು ಕಡಿದರೆ ಬಾಲ ಬಂದಿರುವುದಿಲ್ಲ, ಬಾಲವಿಲ್ಲದಿದ್ದರೆ ಬಿಚ್ಚುವ ತಂತ್ರಾಂಶ ‘ಇದು ಜಿಪ್ಪೇ ಅಲ್ಲ’ ಎನ್ನುತ್ತದೆ. ಬಂದಷ್ಟು ಮಾಹಿತಿ ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಪ್ರತಿ ಫೈಲಿನ ಮುಂದೆಯೂ ಒಂದು ಪುಟ್ಟ ಶಿರೋಲೇಖ ಇರುವುದರಿಂದ ಪಿಕೆಜಿಪ್‌ಫಿಕ್ಸ್‌ನಂಥ ತಂತ್ರಾಂಶದಿಂದ ಒಂದಿಷ್ಟನ್ನು ಹೆಕ್ಕಿಕೊಳ್ಳಬಹುದಿತ್ತು. ಅದು ಗೊತ್ತಿದ್ದವರು ಕಡಿಮೆ.

ಫೈಲು ಕುಗ್ಗುವುದು ಹೇಗೆ? 1977ರಲ್ಲಿ ಜೇಕಬ್ ಝಿವ್ ಮತ್ತು ಅಬ್ರಹಾಂ ಲೆಂಪೆಲ್ ಕೊಟ್ಟ ಉಪಾಯ ಇದು: ಒಮ್ಮೆ ಬಂದದ್ದು ಮತ್ತೆ ಬಂದರೆ ಅದನ್ನೇ ಬರೆಯಬೇಡಿ, ‘ಇಷ್ಟು ಹಿಂದೆ ಹೋಗಿ ಇಷ್ಟು ನಕಲು ಮಾಡಿ’ ಎಂದಷ್ಟೇ ಬರೆಯಿರಿ. ಜಿಪ್ ಸಾಮಾನ್ಯವಾಗಿ 32,768 ಬೈಟ್‌ಗಳಷ್ಟು ಹಿಂದಕ್ಕೆ ಹುಡುಕುತ್ತದೆ, ಒಂದು ಸಲಕ್ಕೆ ಹೆಚ್ಚೆಂದರೆ 258 ಬೈಟ್ ನಕಲು ಮಾಡುತ್ತದೆ. ಹೆಚ್ಚು ಬಳಕೆಯಾಗುವ ಸಂಕೇತಕ್ಕೆ ಕಡಿಮೆ ಬಿಟ್ ಕೊಡುವ ಹಫ್‌ಮನ್ ವಿಧಾನ (1952) ಅದರ ಮೇಲೆ ಕೂರುತ್ತದೆ.

ಈ ಆಟಕ್ಕೆ ಇಂದಿನ ಯುನಿಕೋಡ್ ಕನ್ನಡ ಹೇಳಿ ಮಾಡಿಸಿದಂತಿದೆ. ‘ಕಾಯ್ಕಿಣಿ’ ಎಂಬುದರಲ್ಲಿ ಎಂಟು ಸಂಕೇತಗಳು. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 24 ಬೈಟ್. ಎಂಟರಲ್ಲೂ ಮೊದಲ ಬೈಟ್ ಒಂದೇ. ಎರಡನೆಯ ಬೈಟ್ ಏಳರಲ್ಲಿ ಒಂದೇ, ‘ಯ್‌’ನಲ್ಲಿರುವ ಹಲಂತದ ಗುರುತಿಗೆ ಮಾತ್ರ ಬೇರೆ. ಇನ್ನು ‘ಅವರಿಗೆ’, ‘ಊರಿನಲ್ಲಿ’, ‘ಮಾಡುತ್ತಿದ್ದರು’ ಎಂದು ಪ್ರತ್ಯಯಗಳು ಸಾಲುಸಾಲಿಗೂ ಮರಳುವುದು ಬೇರೆ. ಅದೇ ಜೆಪೆಗ್ ಫೋಟೊಗಳನ್ನು ಜಿಪ್ ಮಾಡಿ ನೋಡಿ, ಹೆಚ್ಚೇನೂ ಇಳಿಯದು. ಅವು ಆಗಲೇ ಕುಗ್ಗಿರುವಂಥವು.

ನಕಲಿನ ಈ ಜಾಣತನಕ್ಕೆ ಬೆಲೆಯೂ ಉಂಟು. ತಂತಿಯಲ್ಲಿ ತಪ್ಪು ನುಸುಳಿದರೆ ಮೋಡೆಮ್ ಆ ಚೂರನ್ನು ಮತ್ತೆ ತರಿಸಿಕೊಳ್ಳುತ್ತಿತ್ತು. ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದ ಫ್ಲಾಪಿಗೆ ಆ ಭಾಗ್ಯವಿಲ್ಲ. ಒಂದು ಬೈಟ್ ಕೆಟ್ಟರೆ ಅಲ್ಲಿಂದ ನಕಲಾಗುವುದೆಲ್ಲ ಕೆಡುತ್ತದೆ. ಹಾಗಾಗಿ ಪ್ರತಿ ಫೈಲಿಗೂ ಜಿಪ್ ಸಿಆರ್‌ಸಿ ಎಂಬ 32 ಬಿಟ್‌ನ ತಾಳೆಸಂಖ್ಯೆ ಇಡುತ್ತದೆ. ಬಿಚ್ಚಿದ ಮೇಲೆ ಲೆಕ್ಕ ಹಾಕಿ ನೋಡಿದಾಗ ತಾಳೆಯಾಗದಿದ್ದರೆ ಎಚ್ಚರಿಸುತ್ತದೆ. ಕೆಟ್ಟದ್ದು ಎಲ್ಲಿ ಎಂದು ಹೇಳುವುದು, ಸರಿಪಡಿಸುವುದು ಆ ಸಂಖ್ಯೆಯ ಕೈಲಾಗದ ಕೆಲಸ.