ಚಿಕ್ಕ ಮೋಟಾರಿನಲ್ಲಿ ಬಿಡಾರದ ಪ್ರಯಾಣ



ಹೊಸಪೇಟೆಯನ್ನು ನಡುವಿಟ್ಟುಕೊಂಡು ಹಂಪೆ, ಸಂಡೂರು, ಕಂಪ್ಲಿಗಳನ್ನು ಎರಡು ಮೂರು ದಿನ ಡೇರೆ ಹಾಕಿಕೊಂಡು ನೋಡಿಬರಬೇಕೆಂಬ ಆಸೆ ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರಿಗೆ ಉಂಟು. ದಾರಿಯೇನೂ ದೂರವಲ್ಲ. ಹೊಸಪೇಟೆಯಿಂದ ಹಂಪೆಗೆ ಸುಮಾರು 13 ಕಿಲೋಮೀಟರು. ಸಂಡೂರಿಗೂ ಕಂಪ್ಲಿಗೂ ಸುಮಾರು ಮೂವತ್ತು ಮೂವತ್ತು. ಮನೆಯಲ್ಲೊಂದು ಚಿಕ್ಕ ಕಾರು ಇದ್ದರೆ ಸಾಕು, ಮಕ್ಕಳು ಹೊರಡಲು ಸಿದ್ಧ. ಆದರೆ ಏನನ್ನು ಕೊಂಡೊಯ್ಯಬೇಕು, ಏನನ್ನು ಮನೆಯಲ್ಲಿಯೇ ಬಿಡಬೇಕು, ಕೊಂಡೊಯ್ಯುವುದನ್ನು ಎಲ್ಲಿ ಇರಿಸಬೇಕು ಎಂಬ ವಿಚಾರವನ್ನು ಹೊರಡುವ ಹಿಂದಿನ ರಾತ್ರಿಯ ಗಡಿಬಿಡಿಯಲ್ಲಿ ತೀರ್ಮಾನಿಸುವವರೇ ಹೆಚ್ಚು. ನಾನೂ ಹಾಗೆ ಮಾಡಿ ಕಷ್ಟಪಟ್ಟವನು. ಆದಕಾರಣ ಈ ವಿಷಯವಾಗಿ ನಾಲ್ಕು ಮಾತು ಹೇಳಲು ನನಗೆ ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಮೊದಲ ಸಲ ಹೊರಟದ್ದು ಮಾರ್ಚ್ ತಿಂಗಳ ಕೊನೆಯಲ್ಲಿ. ಮಡಿಸುವ ಕುರ್ಚಿಗಳು ನಾಲ್ಕು, ಮೇಜೊಂದು, ಬಂಧುಗಳಿಂದ ಎರವಲು ತಂದ ದಪ್ಪ ಕ್ಯಾನ್ವಾಸಿನ ಡೇರೆ, ಪಾತ್ರೆಗಳ ಒಂದು ಸಂಸಾರ. ನೀರು ಮಾತ್ರ ಆರು ಸೀಸೆ. ದಾರಿಯಲ್ಲಿ ಸಿಕ್ಕೀತೆಂಬ ಧೈರ್ಯ. ಸಂಡೂರಿನ ಕಡೆಗೆ ತಿರುಗಿದ ಮೇಲೆ, ನಡುಹಗಲಿನಲ್ಲಿ, ಹಿಂದಿನ ಟೈರು ಗಾಳಿ ಬಿಟ್ಟಿತು. ಚಿಕ್ಕ ಕಾರುಗಳಲ್ಲಿ ಸ್ಟೆಪ್ನಿ ಇರುವುದು ಸಾಮಾನ್ಯವಾಗಿ ಡಿಕ್ಕಿಯ ತಳದಲ್ಲಿ; ಜಾಕು, ಪಾನಾಗಳೂ ಅಲ್ಲಿಯೇ. ಅವುಗಳನ್ನು ತೆಗೆಯಬೇಕಾದರೆ ನಮ್ಮ ಸಮಸ್ತ ಐಶ್ವರ್ಯವನ್ನೂ ರಸ್ತೆಯ ಬದಿಯಲ್ಲಿ ಹರವಬೇಕಾಯಿತು. ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗಿ ನಮ್ಮ ಬಿಳಿಯ ಹಾಸಿಗೆಗಳನ್ನು ಕಾವಿಬಣ್ಣಕ್ಕೆ ತಿರುಗಿಸಿದವು. ಕೆಲಸ ಮುಗಿಯುವ ವೇಳೆಗೆ ನೀರು ಒಂದು ಸೀಸೆಗೆ ಇಳಿದಿತ್ತು. ಚಿಕ್ಕ ಹುಡುಗಿಗೆ ಬಿಸಿಲು ಬಡಿದು ವಾಂತಿಯಾಯಿತು. ಲಾರಿಯೊಂದನ್ನು ನಿಲ್ಲಿಸಿ ಇಳಿದ ಚಾಲಕ, "ಏನ್ರೀ ಸರ, ಮನಿ ಖಾಲಿ ಮಾಡಿ ಹೊಂಟೀರೇನು?" ಎಂದು ಕೇಳಿ, ನಕ್ಕು, ತನ್ನ ಕ್ಯಾನಿನಿಂದ ಅರ್ಧದಷ್ಟು ನೀರನ್ನು ನಮಗೆ ಸುರಿದುಕೊಟ್ಟ. ಮಗುವಿನ ತಲೆಗೆ ಒದ್ದೆಬಟ್ಟೆ ಹಾಕಿ, ಗುಟುಕು ಗುಟುಕಾಗಿ ನೀರು ಕುಡಿಸಿದ ಮೇಲೆ ಅವಳು ಚೇತರಿಸಿಕೊಂಡಳು. ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ.

ಇದರಿಂದ ನಾನು ಲೆಕ್ಕ ಹಾಕುವುದನ್ನು ಕಲಿತೆ. ಚಿಕ್ಕ ಕಾರು ಹೊರಬಲ್ಲ ಭಾರ, ಜನರೂ ಸೇರಿ, ಸುಮಾರು 400 ಕಿಲೋಗ್ರಾಂ. ನಾಲ್ಕು ಮಂದಿಗೆ ತಲಾ 65ರಂತೆ 260 ಹೋದರೆ ಉಳಿಯುವುದು 140. ಬಿಸಿಲುನಾಡಿನಲ್ಲಿ ಕುಡಿಯಲು, ಬೇಯಿಸಲು ಒಬ್ಬರಿಗೆ ದಿನಕ್ಕೆ 5 ಲೀಟರು ನೀರು ಹಿಡಿದರೆ ಎರಡು ದಿನಕ್ಕೆ 40 ಲೀಟರು, ಎಂದರೆ 40 ಕಿಲೋ. ಮಿಕ್ಕ ನೂರರಲ್ಲಿ ಬಟ್ಟೆ, ಹಾಸಿಗೆ, ಡೇರೆ, ಒಲೆ, ದವಸ, ಉಪಕರಣ ಎಲ್ಲವೂ ಆಗತಕ್ಕದ್ದು. ವಾಸ್ತವವಾಗಿ ಭಾರಕ್ಕಿಂತ ಮೊದಲು ಜಾಗವೇ ಮುಗಿದುಹೋಗುತ್ತದೆ. ಅನಿಲದಿಂದ ಓಡುವ ಕಾರಾದರೆ ಸಿಲಿಂಡರೇ ಡಿಕ್ಕಿಯ ಬಹುಭಾಗವನ್ನು ನುಂಗಿರುತ್ತದೆ. ಆದುದರಿಂದ ನೀರನ್ನು ಮೊದಲು ಲೆಕ್ಕಕ್ಕೆ ಹಿಡಿದು, ಉಳಿದುದನ್ನು ಆಮೇಲೆ ಯೋಚಿಸಬೇಕು. ನಾವು ಮಾಡಿದ್ದು ಇದಕ್ಕೆ ವಿರುದ್ಧ.

ಭಾರವನ್ನು ಹೊರಿಸುವ ಕಲೆ ಆ ಸೀಮೆಗೆ ಹೊಸದಲ್ಲ. ಸಂಡೂರಿನ ಸುತ್ತಣ ತಾಂಡಾಗಳಲ್ಲಿರುವ ಲಂಬಾಣಿಗಳನ್ನು ಇಂದು ನಾವು ಅವರ ಕಸೂತಿಯಿಂದ ಬಲ್ಲೆವು. ಅವರ ಪೂರ್ವಿಕರು ಧಾನ್ಯವನ್ನೂ ಉಪ್ಪನ್ನೂ ಹೇರೆತ್ತುಗಳ ಮೇಲೆ ದಖ್ಖಣದ ಉದ್ದಗಲಕ್ಕೂ ಸಾಗಿಸುತ್ತಿದ್ದವರು. ಎತ್ತಿನ ಬೆನ್ನಿನ ಮೇಲಿನ ಹಸುಬೆ ಚೀಲದ ಎರಡು ಬದಿಗಳೂ ಸಮತೂಕವಾಗಿರಬೇಕು. ಒಂದು ಬದಿ ಜಗ್ಗಿದರೆ ಎತ್ತಿನ ಬೆನ್ನು ಹುಣ್ಣಾಗುತ್ತದೆ. ಮೋಟಾರಿಗೆ ಬೆನ್ನು ಹುಣ್ಣಾಗದಿದ್ದರೂ ನ್ಯಾಯ ಅದೇ. ನೀರಿನ ಕ್ಯಾನುಗಳನ್ನು ಹಿಂದಿನ ಆಸನದ ಮುಂದೆ, ಕಾಲಿಡುವ ಜಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಇಡಬೇಕು. ಒಂದೇ ದೊಡ್ಡ ಕ್ಯಾನು ಬೇಡ. ಹತ್ತು ಲೀಟರಿನ ನಾಲ್ಕು ಇದ್ದರೆ ಒಂದು ಸೋರಿದರೂ ಮೂರು ಉಳಿಯುತ್ತವೆ. ಭಾರವಾದವು ಡಿಕ್ಕಿಯ ಬಾಗಿಲ ಬಳಿ ಬಿದ್ದರೆ ಕಾರಿನ ಹಿಂಭಾಗ ತಗ್ಗಿ, ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಮೊದಲೇ ನೆಲಕ್ಕೂ ಈ ಕಾರುಗಳ ಹೊಟ್ಟೆಗೂ ನಡುವೆ 16–17 ಸೆಂಟಿಮೀಟರು ಮಾತ್ರ. ತಗ್ಗಿದ ಹೊಟ್ಟೆ ಹಂಪೆಯ ಕಲ್ಲುದಾರಿಯಲ್ಲಿ ತಗುಲದೆ ಇರದು. ತಲೆಯ ಮೇಲೆ ಹೊರೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ತಿರುವಿನಲ್ಲಿ ಕಾರು ಓಲಾಡುತ್ತದೆ. ಡಿಕ್ಕಿಯಲ್ಲಿ ಇಡುವುದೆಲ್ಲವೂ ಎರಡು ಮೆತ್ತನೆಯ ಚೀಲಗಳಲ್ಲಿರಲಿ. ಎರಡು ಸಲ ಎತ್ತಿದರೆ ಸ್ಟೆಪ್ನಿ ಕಾಣಬೇಕು. ಜಾಕು, ಪಾನಾಗಳು ಮುಂದಿನ ಆಸನದ ಅಡಿಗೆ ಬರಲಿ. ಪೂರ್ಣಭಾರಕ್ಕೆ ಟೈರಿನ ಗಾಳಿ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಮೇಲೆಯೇ ಬರೆದಿರುತ್ತದೆ. ಅದನ್ನು ಓದಿದವರನ್ನು ಮಾತ್ರ ನಾನು ಹೆಚ್ಚಾಗಿ ಕಂಡಿಲ್ಲ.

ಇನ್ನು ಡೇರೆ. ಹಂಪೆಯ ನೆಲವೆಂದರೆ ಬಹುಮಟ್ಟಿಗೆ ಗ್ರಾನೈಟ್ ಬಂಡೆ. ಅದರ ಮೇಲೆ ಒಂದು ಗೇಣು ಮಣ್ಣಿದ್ದರೆ ಭಾಗ್ಯ. ಗೂಟ ಹೊಡೆದು ನಿಲ್ಲಿಸುವ ಡೇರೆ ಅಲ್ಲಿ ನಿಲ್ಲದು. ತನ್ನ ಕಡ್ಡಿಗಳ ಬಲದಿಂದಲೇ ನಿಲ್ಲುವ, ಗುಮ್ಮಟದ ಆಕಾರದ ಹಗುರವಾದ ಡೇರೆಯೇ ತಕ್ಕುದು. ಹಗ್ಗಗಳನ್ನು ಕಲ್ಲಿಗೆ ಬಿಗಿದರಾಯಿತು. ನಾಲ್ಕು ಬದಿಗೂ ಜಾಲರಿ ಇದ್ದು ಗಾಳಿಯಾಡಬೇಕು. ಹಗಲೆಲ್ಲ ಕಾದ ಬಂಡೆ ರಾತ್ರಿ ಬಹು ಹೊತ್ತಿನವರೆಗೆ ಕಾವು ಬಿಡುತ್ತಿರುತ್ತದೆ. ಆದುದರಿಂದ ಬಂಡೆಯ ಮಗ್ಗುಲನ್ನು ಬಿಟ್ಟು ಮರದ ನೆರಳಿದ್ದ ಮಣ್ಣನ್ನು ಹುಡುಕುವುದು ಲೇಸು. ಡೇರೆಗಿಂತಲೂ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ತಾಡಪಾಲು. ಹಗಲು ಕಾರಿನಿಂದ ಮರಕ್ಕೆ ಕಟ್ಟಿದರೆ ಚಪ್ಪರ. ರಾತ್ರಿ ಕೆಳಗೆ ಹಾಸಿದರೆ ನೆಲಹಾಸು. ಟೈರು ಬದಲಿಸುವಾಗ ಸಾಮಾನುಗಳಿಗೆ ಹೊದಿಕೆ.

ಎಲ್ಲಿ ಬೇಕಾದರೂ ಡೇರೆ ಹಾಕಬಹುದೆಂದು ಯಾರೂ ತಿಳಿಯತಕ್ಕದ್ದಲ್ಲ. ಹಂಪೆ 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಮಂಟಪಗಳಲ್ಲಿ ಮಲಗುವುದು, ಕಂಬದ ಬುಡದಲ್ಲಿ ಒಲೆ ಹೂಡುವುದು ಕೂಡದು. ನಾಲ್ಕು ಶತಮಾನಗಳಿಗೂ ಮಿಕ್ಕಿ ನಿಂತ ಕಲ್ಲಿಗೆ ನಮ್ಮ ಅನ್ನದ ಹೊಗೆ ಏಕೆ? ಕಮಲಾಪುರದ ಕಡೆಯ ತೋಟದವರನ್ನೋ ವಸತಿಗೃಹದವರನ್ನೋ ಮುಂಚಿತವಾಗಿ ಕೇಳಿ, ಒಪ್ಪಿಗೆ ಪಡೆದು ಅವರ ಅಂಗಳದಲ್ಲಿ ಇಳಿಯುವುದು ಉತ್ತಮ. ಸಂಡೂರಿನ ಬೆಟ್ಟಗಳಲ್ಲಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ನದಿಯ ವಿಷಯದಲ್ಲಿ ನನ್ನ ಮಾತನ್ನು ಕಟ್ಟಪ್ಪಣೆಯೆಂದೇ ತಿಳಿಯಿರಿ. ಬೇಸಗೆಯ ತುಂಗಭದ್ರೆಯ ಮರಳೂ ಬಂಡೆಗಳೂ ಮಲಗಲು ಕರೆಯುವಂತಿರುತ್ತವೆ. ಮೇಲ್ಗಡೆ, 1953ರಲ್ಲಿ ಪೂರೈಸಿದ, 33 ಗೇಟುಗಳ ಅಣೆಕಟ್ಟು ಇದೆಯೆಂಬುದನ್ನು ಮರೆಯಬಾರದು. ಅಲ್ಲಿ ನೀರು ಬಿಟ್ಟರೆ ಹಂಪೆಯ ಪುರಂದರ ಮಂಟಪ ಮುಳುಗುತ್ತದೆ. ಕಂಪ್ಲಿಯ ಸೇತುವೆಯ ಮೇಲೂ ನೀರು ಹರಿದದ್ದುಂಟು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಅಂಥ ರಾತ್ರಿ ನದೀಪಾತ್ರದಲ್ಲಿ ಮಲಗಿದವನಿಗೆ ಎಚ್ಚರಿಕೆ ಕೊಡುವವರು ಯಾರು? ನಮ್ಮ ಎರಡನೆಯ ಪ್ರಯಾಣದಲ್ಲಿ ಒಬ್ಬ ಹರಿಗೋಲಿನವನು ನಮ್ಮ ಡೇರೆಯನ್ನು ನೋಡಿ ಏನೂ ವಿವರಿಸದೆ, ಬಂಡೆಯ ಮೇಲಿದ್ದ ಹಳೆಯ ನೀರಿನ ಗೆರೆಯನ್ನು ಬೆರಳಿನಿಂದ ತೋರಿಸಿದ. ಅದು ನನ್ನ ತಲೆಗಿಂತ ಮೇಲಿತ್ತು. ಆಗಲೇ ಡೇರೆ ಕಿತ್ತೆವು.

ಇನ್ನೊಬ್ಬ ನೆರೆಯವನು ಕರಡಿ. 1994ರಲ್ಲಿ ಸ್ಥಾಪಿತವಾದ ದರೋಜಿ ಕರಡಿಧಾಮ ಈ ಸೀಮೆಯಲ್ಲಿಯೇ ಇದೆ. ಕರಡಿಗಳಿಗೆ ಅದರ ಎಲ್ಲೆ ತಿಳಿಯದು. ಸಂಜೆಯಾದ ಮೇಲೆ ಗುಡ್ಡದಿಂದ ಇಳಿಯುವ ಈ ಪ್ರಾಣಿಗೆ ಬೆಲ್ಲ, ಬಾಳೆಹಣ್ಣು, ಕಡಲೆಕಾಯಿಗಳ ವಾಸನೆ ಬಹು ದೂರದಿಂದಲೇ ಸಿಗುತ್ತದೆ. ತಿನಿಸುಗಳನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿಟ್ಟು, ಆ ಡಬ್ಬವನ್ನು ಡೇರೆಯಲ್ಲಲ್ಲದೆ ಕಾರಿನೊಳಗೆ ಇರಿಸಿ, ಗಾಜುಗಳನ್ನು ಏರಿಸಬೇಕು. ಒಬ್ಬೊಬ್ಬರ ತಲೆದೆಸೆಯಲ್ಲಿಯೂ ಒಂದೊಂದು ಟಾರ್ಚು ಇರಲಿ. ಒಲೆಯ ಅನಿಲದ ಡಬ್ಬಿಯನ್ನು ಮಾತ್ರ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬಾರದು. ನೆರಳಿನಲ್ಲಿ, ಹೊರಗೆ ಇರಿಸಬೇಕು.

ಸಂಡೂರಿನ ಧೂಳಿಗೆ ಹಾಸಿಗೆಗಳನ್ನು ಬಾಯಿ ಕಟ್ಟುವ ಚೀಲಗಳಲ್ಲಿ ಹಾಕಿದರೆ ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿಯ ದಂಡಿನವರಿಗೆ ಆರೋಗ್ಯಧಾಮವಾಗಿದ್ದ ರಾಮನದುರ್ಗದ ಕಡೆಗೆ ಚಳಿಗಾಲದಲ್ಲಿ ಹೋಗುವವರು ಒಂದೊಂದು ಕಂಬಳಿ ಹೆಚ್ಚಾಗಿ ಒಯ್ಯಲಿ. ಕಂಪ್ಲಿಯದು ಬತ್ತದ ಗದ್ದೆ, ಕಬ್ಬು, ಕಾಲುವೆ. ಎಂದ ಮೇಲೆ ಸೊಳ್ಳೆಪರದೆ ಅನಿವಾರ್ಯ. ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ಕಾರನ್ನು ರಸ್ತೆಯಿಂದ ಇಳಿಸಬೇಡಿ, ಎತ್ತುಗಳನ್ನು ಕರೆತರಬೇಕಾದೀತು.

ಮೂರನೆಯ ಸಲ ನಾವು ಹೋದಾಗ ಡಿಕ್ಕಿಯಲ್ಲಿ ಎರಡೇ ಚೀಲಗಳು, ಕಾಲಡಿಯಲ್ಲಿ ನಾಲ್ಕು ಕ್ಯಾನು. ಊಟಕ್ಕೆ ತಾಡಪಾಲಿನ ಮೇಲೆ ಕುಳಿತೆವು. ಮಡಿಸುವ ಕುರ್ಚಿಗಳು ನಾಲ್ಕೂ ಇಂದಿಗೂ ನಮ್ಮ ಅಟ್ಟದ ಮೇಲಿವೆ. ಬೇಕೆಂದವರಿಗೆ ಎರವಲು ಕೊಡಲು ಅಡ್ಡಿಯಿಲ್ಲ.