ತೆರಿಗೆ ಕಚೇರಿಯ ಕಾಗದಕ್ಕೆ ಉತ್ತರ

2025ರ ಜುಲೈ ತಿಂಗಳ ಒಂದು ಸಂಜೆ, ಹರಿಹರದಲ್ಲಿ ತರಕಾರಿ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನು ದಾವಣಗೆರೆಯ ನಮ್ಮ ಮನೆಗೆ ಬಂದನು. ಕುಳಿತುಕೊಳ್ಳೆಂದರೂ ಕೂರದೆ, ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದುಕೊಟ್ಟನು. ವಾಣಿಜ್ಯ ತೆರಿಗೆಯವರ ನೋಟೀಸು. ಅದು ಬಂದು ಹನ್ನೆರಡು ದಿನವಾಗಿತ್ತು. ಅಷ್ಟು ದಿನವೂ ದೇವರ ಪಟದ ಹಿಂದೆ ಇತ್ತಂತೆ. “ಮನೇಲಿ ಯಾರಿಗೂ ಹೇಳಿಲ್ಲ ಮೇಷ್ಟ್ರೇ. ಅಂಗಡಿ ಮಾರಿದ್ರೂ ಇಷ್ಟು ದುಡ್ಡು ಹುಟ್ಟಲ್ಲ” ಎಂದನು.

ಆ ದಿನಗಳ ಸಂಗತಿಯನ್ನು ವಾಚಕರು ಮರೆತಿರಲಾರರು. ಮೊಬೈಲಿನ ಯುಪಿಐ ಮೂಲಕ ಅಂಗಡಿಗಳಿಗೆ ಸಂದ ಹಣದ ವಿವರವನ್ನು ಪಾವತಿ ಕಂಪೆನಿಗಳಿಂದ ತರಿಸಿಕೊಂಡು, 2021-22ರಿಂದ 2024-25ರ ವರೆಗಿನ ಮೊತ್ತವನ್ನು ನೋಡಿ, ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತ್ತು. ತುಂಗಭದ್ರೆಯ ಆಚೆಗಿನ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ, ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ತೆರಿಗೆಯೆಂದು ಬಂದ ಕಾಗದವು ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಕೋಟಿ ಎಂದೊಡನೆ ಎದೆ ಝಲ್ಲೆನ್ನುತ್ತದೆ. ದಿನಗಳಿಗೆ ಹಂಚಿ ನೋಡಿದರೆ ದಿನಕ್ಕೆ ಹನ್ನೊಂದು ಸಾವಿರ ಚಿಲ್ಲರೆ. ಅದೂ ಲಾಭವಲ್ಲ, ಕೈಯಿಂದ ಕೈಗೆ ಹಾದುಹೋದ ಹಣ. ಶೇಕಡಾ 18ರಂತೆ ಗುಣಿಸಿದರೆ 29 ಲಕ್ಷ ಬರುತ್ತದೆ, ನಿಜ. ಆದರೆ ತಾಜಾ ತರಕಾರಿಯ ಮೇಲೆ ಜಿಎಸ್‌ಟಿಯೇ ಇಲ್ಲ!

ಯಂತ್ರವು ಹಣವನ್ನು ಕಂಡಿತೇ ಹೊರತು ಬದನೆಕಾಯಿಯನ್ನು ಕಾಣಲಿಲ್ಲ. ಕಾಣಿಸಬೇಕಾದವನು ನೋಟೀಸು ಪಡೆದವನೇ. ಅದಕ್ಕಾಗಿಯೇ ಆ ಕಾಗದ ಬರುವುದು.

ಹಳಗನ್ನಡ ಪದ್ಯವನ್ನು ಕಂಡೊಡನೆ ಮಕ್ಕಳು ಹೆದರುತ್ತಾರೆ. ಪದ ಬಿಡಿಸಿ, ಅನ್ವಯ ಮಾಡಿದ ಮೇಲೆ ‘ಇಷ್ಟೇಯೆ?’ ಎನ್ನುತ್ತಾರೆ. ನೋಟೀಸನ್ನೂ ಹಾಗೆಯೇ ಓದತಕ್ಕದ್ದು. ಕರ್ತೃ ಯಾರು? ರಾಜ್ಯದ ಕಚೇರಿಯೋ ಕೇಂದ್ರದ್ದೋ, ಜಿಎಸ್‌ಟಿಯೋ ಆದಾಯ ತೆರಿಗೆಯೋ. ಕರ್ಮವೇನು? ಯಾವ ವರ್ಷ, ಯಾವ ಮೊತ್ತ. ಎಲ್ಲಕ್ಕಿಂತ ಮುಖ್ಯವಾದುದು ಕ್ರಿಯಾಪದ: ‘ವಿವರ ಕೊಡಿ’ ಎನ್ನುತ್ತಿದೆಯೋ, ‘ಕಾರಣ ತೋರಿಸಿ’ ಎನ್ನುತ್ತಿದೆಯೋ, ‘ಹಣ ಕಟ್ಟಿ’ ಎನ್ನುತ್ತಿದೆಯೋ? ಮೊದಲಿನ ಎರಡೂ ಪ್ರಶ್ನೆಗಳು. ಮೂರನೆಯದು ಮಾತ್ರ ಆಜ್ಞೆ. ನನ್ನ ಶಿಷ್ಯನು ದೊಡ್ಡ ಅಂಕಿಯೊಂದನ್ನೇ ಓದಿ, ಪ್ರಶ್ನೆಯನ್ನು ಆಜ್ಞೆಯೆಂದು ತಿಳಿದು ಹನ್ನೆರಡು ರಾತ್ರಿ ನಿದ್ದೆಗೆಟ್ಟಿದ್ದನು. ಉತ್ತರಕ್ಕೆ ಕೊಟ್ಟಿದ್ದ ವಾಯಿದೆ ಮೂರು ದಿನದಲ್ಲಿ ಮುಗಿಯುವುದಿತ್ತು. ಅದು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಸುಮ್ಮನಿದ್ದರೆ ಏನಾಗುತ್ತದೆ? ನೋಂದಣಿ ಮಾಡಿಸಬೇಕಾಗಿದ್ದೂ ಮಾಡಿಸದವನ ತೆರಿಗೆಯನ್ನು ಅಧಿಕಾರಿಯು ತನ್ನ ವಿವೇಚನೆಗೆ ತೋರಿದಂತೆ ನಿರ್ಧರಿಸಬಹುದೆಂದು ಜಿಎಸ್‌ಟಿ ಕಾಯಿದೆಯ 63ನೆಯ ಪ್ರಕರಣವು ಹೇಳುತ್ತದೆ. ಆದರೆ ಅದಕ್ಕೆ ಮೊದಲು ಅವನ ಮಾತನ್ನು ಕೇಳಲೇಬೇಕೆಂದೂ ಅದೇ ಪ್ರಕರಣದಲ್ಲಿದೆ. ಮಾತನಾಡಲು ಕರೆದಾಗ ಬಾಯಿ ಬಿಡದಿದ್ದರೆ ಕಾಯಿದೆಯು ಕೊಟ್ಟ ರಕ್ಷಣೆಯನ್ನು ನಾವೇ ಕಳೆದುಕೊಂಡಂತೆ.

ಉತ್ತರಕ್ಕೆ ತಿರುಳು ಬೇಕಷ್ಟೆ. ವರ್ಷಕ್ಕೆ ಸರಕಿನ ವ್ಯಾಪಾರ 40 ಲಕ್ಷ, ಸೇವೆಯದಾದರೆ 20 ಲಕ್ಷ ರೂಪಾಯಿ ಮೀರಿದವರು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕು. ವಿನಾಯಿತಿಯ ಸರಕನ್ನು ಮಾತ್ರವೇ ಮಾರುವವರಿಗೆ, ಮೊತ್ತವೆಷ್ಟಾದರೂ, 23ನೆಯ ಪ್ರಕರಣದಂತೆ ನೋಂದಣಿ ಬೇಕಿಲ್ಲ. ‘ಮಾತ್ರವೇ’ ಎಂಬ ಅವಧಾರಣೆಯನ್ನು ಗಮನಿಸಬೇಕು. ತರಕಾರಿಯ ಪಕ್ಕದಲ್ಲಿ ನಾಲ್ಕು ಮಸಾಲೆ ಪೊಟ್ಟಣ ತೂಗುಹಾಕಿದ್ದರೆ, ತೆರಿಗೆ ಬೀಳುವುದು ಪೊಟ್ಟಣಗಳ ಮೇಲಷ್ಟೇ. ಆದರೆ 40 ಲಕ್ಷದ ಮಿತಿಯನ್ನು ನೋಡುವಾಗ ತರಕಾರಿಯ ಮಾರಾಟವೂ ಲೆಕ್ಕಕ್ಕೆ ಸೇರುತ್ತದೆ. ಇದನ್ನು ನಾನು ಎರಡೆರಡು ಸಲ ಕೇಳಿದೆನು. ಅವನು ಸೊಪ್ಪು, ತರಕಾರಿ ಬಿಟ್ಟು ಬೇರೇನನ್ನೂ ಮಾರಿದವನಲ್ಲ.

ನಮ್ಮೂರಿನ ಬೆಣ್ಣೆದೋಸೆಯ ಅಂಗಡಿಯ ಮಾತು ಬೇರೆ. ದೋಸೆ ಬಡಿಸುವುದು ಕಾಯಿದೆಯ ಕಣ್ಣಿಗೆ ಸೇವೆ. 20 ಲಕ್ಷವೆಂದರೆ ದಿನಕ್ಕೆ ಐದೂವರೆ ಸಾವಿರದಷ್ಟು. ಜನ ಸೇರುವ ಅಂಗಡಿಯಲ್ಲಿ ಅದು ಬೆಳಗಿನ ವ್ಯಾಪಾರ. ಅಂಥವರು ನೋಂದಣಿ ಮಾಡಿಸಲೇಬೇಕು. 1.5 ಕೋಟಿಯ ವರೆಗೆ ರಾಜಿ ತೆರಿಗೆಯ ಪದ್ಧತಿಯುಂಟು. ಹೋಟೆಲಿನವರಿಗೆ ಅದರಲ್ಲಿ ಶೇಕಡಾ 5, ಸರಕಿನ ವ್ಯಾಪಾರಿಗಳಿಗೆ 1. ಆಗ ಕೆಲವು ಊರುಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಗಡಿಗಳ ಮುಂದೆ ಕಾಣಿಸಿಕೊಂಡವು. ನಗದಾಗಿ ಬಂದದ್ದೂ ವಹಿವಾಟೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಮೊಬೈಲಿಗೆ ಬಂದ ಹಣವೆಲ್ಲವೂ ಮಾರಾಟವಲ್ಲವೆಂಬುದನ್ನೂ ಹೇಳಬೇಕು. ಶಿಷ್ಯನ ಖಾತೆಯಲ್ಲಿ ಅಣ್ಣ ಕಳುಹಿಸಿದ ಸಾಲವಿತ್ತು, ಚೀಟಿಯ ಹಣವಿತ್ತು, ತಂಗಿಯ ಮದುವೆಗೆ ಬಂದ ಮುಯ್ಯಿಯಿತ್ತು. ಬ್ಯಾಂಕಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದರ ಎದುರಿಗೂ ಕಾರಣ ಬರೆದೆವು. ರೈತರಿಂದ ಕೊಂಡದ್ದಕ್ಕೆ ಚೀಟಿಗಳು ಅರ್ಧದಷ್ಟೂ ಸಿಗಲಿಲ್ಲ. ಸಿಕ್ಕಷ್ಟನ್ನು ಲಗತ್ತಿಸಿ, ಉಳಿದವು ಇಲ್ಲವೆಂದು ಒಪ್ಪಿ ಬರೆದೆವು.

ಉತ್ತರವನ್ನು ಬರೆದವಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವನ ಮಗಳು, ಕನ್ನಡದಲ್ಲಿಯೇ. 1963ರ ರಾಜಭಾಷಾ ಅಧಿನಿಯಮವಿರುವ ರಾಜ್ಯದಲ್ಲಿ ರಾಜ್ಯದ ಕಚೇರಿಗೆ ಕನ್ನಡದಲ್ಲಿ ಬರೆಯಲು ಸಂಕೋಚವೇಕೆ? ಮೇಲೆ ನೋಟೀಸಿನ ಸಂಖ್ಯೆ, ತಾರೀಖು. ಕೆಳಗೆ ಕೇಳಿದ ಪ್ರಶ್ನೆಯ ಕ್ರಮದಲ್ಲಿಯೇ ಉತ್ತರ. ತಾನು ಬಡವನೆಂದೂ, ದೊಡ್ಡವರು ತಪ್ಪಿಸಿಕೊಳ್ಳುತ್ತಾರೆಂದೂ ಅವನು ಹೇಳಿಸಿದ್ದ ಎರಡು ವಾಕ್ಯಗಳನ್ನು ನಾನು ಹೊಡೆದುಹಾಕಿದೆನು. ಎರಡೂ ಸತ್ಯವಿರಬಹುದು, ಆದರೆ ಯಾರೂ ಕೇಳಿರಲಿಲ್ಲ. ಕೊನೆಯಲ್ಲಿ ‘ಖುದ್ದಾಗಿ ಹಾಜರಾಗಿ ವಿವರಿಸಲು ಅವಕಾಶ ಕೊಡಬೇಕು’ ಎಂದು ಸೇರಿಸಿದೆವು. ಹಾಗೆ ಬರೆದು ಕೇಳಿದವರಿಗೆ ಅವಕಾಶ ಕೊಡಬೇಕೆಂದು 75ನೆಯ ಪ್ರಕರಣದಲ್ಲಿದೆ. ಸಕಾರಣವಿದ್ದರೆ ವಿಚಾರಣೆಯನ್ನು ಮೂರು ಸಲದ ವರೆಗೆ ಮುಂದೂಡಿಸಿಕೊಳ್ಳಲೂಬಹುದು. ಅಷ್ಟಾಗಿಯೂ ಆಜ್ಞೆ ವಿರುದ್ಧವಾದರೆ, ವಿವಾದದ ತೆರಿಗೆಯ ಶೇಕಡಾ 10ನ್ನು ಕಟ್ಟಿ, ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಆದಾಯ ತೆರಿಗೆಯವರ ಕಾಗದಕ್ಕೂ ರೀತಿ ಇದೇ; 1961ರ ಕಾಯಿದೆಯಲ್ಲಿ ಇಂಥ ಕೇಳಿಕೆಯ ಪತ್ರವು 142ನೆಯ ಪ್ರಕರಣದ್ದು. 2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಹೊಸ ಕಾಯಿದೆಯಲ್ಲಿ ಅಂಕಿಗಳು ಬದಲಾಗಿವೆ, ಹಿಂದಿನ ವರ್ಷಗಳ ವಿಚಾರಣೆಗೆ ಹಳೆಯದೇ ಅನ್ವಯ. 2019ರ ಅಕ್ಟೋಬರ್ 1ರಿಂದ ಆ ಇಲಾಖೆಯ ಪತ್ರಗಳ ಮೇಲೆ ಗುರುತಿನ ಸಂಖ್ಯೆಯಿರಬೇಕೆಂಬ ನಿಯಮವಿದೆ; ಅದನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ನಿಜವೋ ಸುಳ್ಳೋ ನೋಡಬಹುದು. ಫೋನಿನಲ್ಲಿ ಹೆದರಿಸಿ ಹಣ ಕೇಳುವವನಿಗೆ ಮಾತ್ರ ಯಾವ ಉತ್ತರವೂ ಬೇಡ.

ಅದೇ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಭರವಸೆ ಕೊಟ್ಟರು. ಪ್ರತಿ ನೋಟೀಸಿಗೂ ಮುಖ್ಯಮಂತ್ರಿಗಳು ಸಭೆ ಕರೆಯಲಾರರು.

ಶಿಷ್ಯನು ವಾಯಿದೆಯ ಹಿಂದಿನ ದಿನವೇ ಕಚೇರಿಗೆ ಹೋಗಿ ಉತ್ತರ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದನು. ಆ ನಕಲು ಈಗಲೂ ಅವನ ಮನೆಯ ದೇವರ ಪಟದ ಹಿಂದೆಯೇ ಇದೆಯಂತೆ.