ಗೋಸ್ಟಿವಾರಿನ ಧ್ವಜಗಳು

ಗ್ರೀಸ್ ದೇಶದ ಉತ್ತರಕ್ಕೆ, ಬೆಟ್ಟಗಳ ನಡುವೆ, ಉತ್ತರ ಮ್ಯಾಸಿಡೋನಿಯ ಎಂಬ ಚಿಕ್ಕ ದೇಶವಿದೆ. ಯುಗೊಸ್ಲಾವಿಯ ಒಕ್ಕೂಟವು ಒಡೆದಾಗ, 1991ರಲ್ಲಿ, ಅದು ಸ್ವತಂತ್ರವಾಯಿತು. ಅಲ್ಲಿನ ಜನರಲ್ಲಿ ಸುಮಾರು ಕಾಲುಭಾಗ ಅಲ್ಬೇನಿಯನ್ ಜನಾಂಗಕ್ಕೆ ಸೇರಿದವರು. ದೇಶದಲ್ಲಿ ಅಲ್ಪಸಂಖ್ಯಾತರಾದ ಇವರು ಪಶ್ಚಿಮದ ಕೆಲವು ಪಟ್ಟಣಗಳಲ್ಲಿ ಬಹುಸಂಖ್ಯಾತರು. ವಾರ್ದಾರ್ ನದಿಯ ಉಗಮಸ್ಥಾನಕ್ಕೆ ಸಮೀಪದಲ್ಲಿರುವ ಗೋಸ್ಟಿವಾರ್ ಅಂಥದೊಂದು ಪಟ್ಟಣ. 1997ರಲ್ಲಿ ಅದರ ಪುರಸಭೆಯ ಮುಂದೆ ನೆರೆದೇಶವಾದ ಅಲ್ಬೇನಿಯದ ಧ್ವಜ ಹಾರಾಡುತ್ತಿತ್ತು. ಅಲ್ಲಿ ತುರ್ಕರೂ ಇದ್ದುದರಿಂದ ತುರ್ಕಿಯ ಧ್ವಜವೂ ಇತ್ತು.

ಒಂದು ದೇಶದ ಸರ್ಕಾರಿ ಕಟ್ಟಡದ ಮುಂದೆ ಇನ್ನೊಂದು ದೇಶದ ಧ್ವಜವು ಹಾರಬಹುದೇ? ಕೂಡದು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಅಲ್ಬೇನಿಯನ್ನರು ಅದನ್ನು ಪರದೇಶದ ಧ್ವಜವೆಂದು ಭಾವಿಸಿರಲಿಲ್ಲ. ಕೆಂಪು ಬಟ್ಟೆಯ ಮೇಲೆ ಎರಡು ತಲೆಯ ಕಪ್ಪು ಹದ್ದು. ನೋಡಿದರೆ ನಮ್ಮ ಗಂಡಭೇರುಂಡದ ನೆನಪಾಗುತ್ತದೆ. ಹದಿನೈದನೆಯ ಶತಮಾನದಲ್ಲಿ ತುರ್ಕರ ಸಾಮ್ರಾಜ್ಯದೊಡನೆ ಹೋರಾಡಿದ ಸ್ಕಂದರ್‌ಬೇಗನ ಲಾಂಛನವದು. 1912ರಲ್ಲಿ ಅಲ್ಬೇನಿಯವು ತನ್ನ ಸ್ವಾತಂತ್ರ್ಯವನ್ನು ಸಾರಿದಾಗ ಅದೇ ಅದರ ಧ್ವಜವಾಯಿತು. ಮರುವರ್ಷ ಯುರೋಪಿನ ಪ್ರಬಲ ರಾಷ್ಟ್ರಗಳು ಗೆರೆ ಎಳೆದಾಗ ಬಹುಸಂಖ್ಯೆಯ ಅಲ್ಬೇನಿಯನ್ನರು ಆ ದೇಶದ ಹೊರಗೇ ಉಳಿದರು. ಗಡಿಯ ಈಚೆ ಉಳಿದವರು ಹದ್ದನ್ನು ಮರೆಯಲಿಲ್ಲ. ಯುಗೊಸ್ಲಾವಿಯದ ಕಾಲದಲ್ಲಿ ಅದರೊಡನೆ ಒಂದು ನಕ್ಷತ್ರವನ್ನು ಸೇರಿಸಿ, ತಮ್ಮ ಜನಾಂಗದ ಧ್ವಜವೆಂದು ಹಾರಿಸುತ್ತಲೂ ಇದ್ದರು.

ಮ್ಯಾಸಿಡೋನಿಯದ ಬಹುಸಂಖ್ಯಾತರ ಮನಸ್ಸಿಗೂ ಒಂದು ಗಾಯವಾಗಿತ್ತು. ಅವರ ಮೊದಲ ಧ್ವಜದಲ್ಲಿದ್ದ ಹದಿನಾರು ಕಿರಣಗಳ ಸೂರ್ಯ ತನ್ನ ಪರಂಪರೆಗೆ ಸೇರಿದುದೆಂದು ಗ್ರೀಸ್ ಆಕ್ಷೇಪಿಸಿತು. 1993ರಲ್ಲಿ ವಿಶ್ವಸಂಸ್ಥೆಯನ್ನು ಸೇರಿದಾಗ ಆ ಧ್ವಜವನ್ನು ಅಲ್ಲಿ ಏರಿಸಲಾಗಲಿಲ್ಲ. ಮರುವರ್ಷ ಗ್ರೀಸ್ ವ್ಯಾಪಾರವನ್ನೇ ತಡೆಯಿತು. 1995ರಲ್ಲಿ ಆ ಪುಟ್ಟ ದೇಶ ತನ್ನ ಧ್ವಜವನ್ನು ಬದಲಿಸಿಕೊಂಡಿತು. ತನ್ನ ಧ್ವಜವನ್ನೇ ಉಳಿಸಿಕೊಳ್ಳಲಾಗದ ಜನಕ್ಕೆ, ಎರಡೇ ವರ್ಷಗಳಲ್ಲಿ, ತಮ್ಮ ಪುರಸಭೆಯ ಮುಂದೆ ನೆರೆಯವರ ಧ್ವಜ ಕಂಡಾಗ ಏನೆನ್ನಿಸಿರಬೇಕು!

ಧ್ವಜಗಳನ್ನು ಇಳಿಸಬೇಕೆಂದು ಸಂವಿಧಾನ ನ್ಯಾಯಾಲಯ ಆಜ್ಞಾಪಿಸಿತು. ಗೋಸ್ಟಿವಾರಿನ ಮೇಯರ್ ರೂಫಿ ಒಸ್ಮಾನಿ ಇಳಿಸಲಿಲ್ಲ. 1997ರ ಜುಲೈ 8ರಂದು ಸಂಸತ್ತು ಒಂದು ಕಾನೂನನ್ನು ಅಂಗೀಕರಿಸಿತು. ಖಾಸಗಿ ಬದುಕಿನಲ್ಲಿ ಅಲ್ಪಸಂಖ್ಯಾತರು ತಮ್ಮ ಧ್ವಜವನ್ನು ಬಳಸಬಹುದು. ಪುರಸಭೆಯ ಮುಂದೆ ಮಾತ್ರ ಕೆಲವು ರಾಷ್ಟ್ರೀಯ ಹಬ್ಬಗಳಂದಷ್ಟೇ ಹಾರಿಸಬಹುದು ಎಂಬುದು ಅದರ ಸಾರ. ಮನೆಯ ಮಾಡಿಗೂ ಸರ್ಕಾರದ ಕಂಬಕ್ಕೂ ಇರುವ ಈ ಭೇದವನ್ನು ನೀವು ಗಮನಿಸಬೇಕು. ಮನೆಯ ಮೇಲಿನ ಧ್ವಜ ಒಬ್ಬನ ಮಾತು; ಕಚೇರಿಯ ಮುಂದಿನದು ರಾಜ್ಯದ ಮಾತು. ಆ ಪುರಸಭೆ ಯಾರ ಪರವಾಗಿ ಮಾತನಾಡಬೇಕು, ದೇಶದ ಪರವಾಗಿಯೋ ಊರಿನ ಪರವಾಗಿಯೋ ಎಂಬುದೇ ನಿಜವಾದ ವಿವಾದವಾಗಿತ್ತು.

ಕಾನೂನು ನ್ಯಾಯವಾದುದೋ ಅಲ್ಲವೋ ಎಂದು ಜನ ಯೋಚಿಸುವಷ್ಟು ಕಾಲವನ್ನೂ ಸರ್ಕಾರ ಕೊಡಲಿಲ್ಲ. ಮಾರನೆಯ ದಿನವೇ ಪೊಲೀಸರು ಬಂದು ಧ್ವಜಗಳನ್ನು ಕಿತ್ತರು. ಪ್ರತಿಭಟಿಸಿದ ಜನರೊಡನೆ ನಡೆದ ಘರ್ಷಣೆಯಲ್ಲಿ ಮೂವರು ಸತ್ತರು, ನೂರಾರು ಮಂದಿ ಗಾಯಗೊಂಡರು. ಒಸ್ಮಾನಿಗೆ ಹದಿಮೂರು ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ಏಳು ವರ್ಷಕ್ಕೆ ಇಳಿಯಿತು. ನ್ಯಾಯಾಲಯದ ಆಜ್ಞೆಯನ್ನು ಮೀರಿದ್ದು ತಪ್ಪೆಂದೇ ಒಪ್ಪಿದರೂ ಈ ಶಿಕ್ಷೆ ಅತಿಯಾಯಿತೆಂದು ನನಗೆ ತೋರುತ್ತದೆ. 1999ರಲ್ಲಿ ಕ್ಷಮಾದಾನದ ಮೂಲಕ ಅವರು ಬಿಡುಗಡೆ ಹೊಂದಿದರು.

2001ರಲ್ಲಿ ಅಲ್ಬೇನಿಯನ್ ಬಂಡುಕೋರರಿಗೂ ಸೇನೆಗೂ ಕದನ ನಡೆಯಿತು. ಆ ವರ್ಷ ಆಗಸ್ಟ್ 13ರಂದು ಓಹ್ರಿದ್ ಒಪ್ಪಂದವಾಯಿತು. ಸ್ಥಳೀಯ ಸರ್ಕಾರಿ ಕಟ್ಟಡಗಳ ಮುಂದೆ ದೇಶದ ಲಾಂಛನದ ಪಕ್ಕದಲ್ಲಿ, ಆ ಊರಿನ ಬಹುಸಂಖ್ಯಾತ ಸಮುದಾಯದ ಗುರುತಿನ ಲಾಂಛನವನ್ನೂ ಇಡಬಹುದೆಂದು ಅದರಲ್ಲಿ ಒಪ್ಪಲಾಯಿತು. ಪದಗಳನ್ನು ನೋಡಿ: ಪರದೇಶದ ಧ್ವಜವೆಂಬ ಮಾತೇ ಅಲ್ಲಿಲ್ಲ. ಬಟ್ಟೆ ಅದೇ, ಹದ್ದು ಅದೇ. ಕಾನೂನಿನ ಕಣ್ಣಿಗೆ ಅದು ಈಗ ದೇಶದೊಳಗಿನ ಒಂದು ಸಮುದಾಯದ ಗುರುತು. 2005ರ ಕಾನೂನು ಈ ಹಕ್ಕನ್ನು, ಸಮುದಾಯದವರು ಅರ್ಧಕ್ಕಿಂತ ಹೆಚ್ಚಿರುವ ಪುರಸಭೆಗಳಿಗೆ ನೀಡಿತು. 2007ರಲ್ಲಿ ಸಂವಿಧಾನ ನ್ಯಾಯಾಲಯ ಅದರ ಕೆಲವು ವಿಧಿಗಳನ್ನು ರದ್ದುಪಡಿಸಿತು. ಚರ್ಚೆ ಮತ್ತೆ ಮೊದಲಾಯಿತು.

2009ರ ಚುನಾವಣೆಯಲ್ಲಿ ಗೋಸ್ಟಿವಾರಿನ ಮತದಾರರು ಒಸ್ಮಾನಿಯವರನ್ನೇ ಮತ್ತೆ ತಮ್ಮ ಮೇಯರನ್ನಾಗಿ ಆರಿಸಿದರು.